ಕುಂಡದೊಳಗೆ ಪಾಂಡವರ ಅಜ್ಞಾತವಾಸ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮನೆ ಗೇಟಿನ ಪಕ್ಕದ ಸೈಕಾಸ್ ಚಿಗುರಿತು. ಸೈಕಾಸ್ ಗೊತ್ತಲ್ವಾ? ಛತ್ರಗಳ ಮುಂದೆ, ಬ್ಯಾಂಕಿನ ಮೆಟ್ಟಿಲ ಪಕ್ಕ, ಅಪಾರ್ಟ್‌ಮೆಂಟ್ ಗೇಟಿನ ಎರಡೂ ಬದಿಗೆ ದ್ವಾರಪಾಲಕರ ಹಾಗೆ ನಿಲ್ಲಿಸಿರುತ್ತಾರಲ್ಲ, ಕುಳ್ಳ ಈಚಲು ಮರದಂತೆ ಕಾಣುವ, ಮುಟ್ಟಿದರೆ ಚುಚ್ಚುವ ಗಿಡ, ಅದೇ. ಅದು ಬೇರೆ ಗಿಡಗಳ ಹಾಗೆ ಒಂದೊಂದೇ ಎಲೆ ಬಿಡುವುದಿಲ್ಲ. ತಿಂಗಳುಗಟ್ಟಲೆ ಏನೂ ಆಗದವರ ಹಾಗೆ ಕೂತಿದ್ದು, ಒಂದು ದಿನ ನೆತ್ತಿಯಿಂದ ಇಡೀ ಒಂದು ಸುತ್ತು ಗರಿಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಆ ಎಳೆ ಗರಿಗಳು ಶಾವಿಗೆ ಸುರುಳಿಯ ಹಾಗೆ ಮುದುಡಿಕೊಂಡಿರುತ್ತವೆ, ಮುಟ್ಟಿದರೆ ಮೆತ್ತಗೆ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿಕೊಂಡೆ. ಎಂಟು ದಿನ ಕಳೆಯುವಷ್ಟರಲ್ಲಿ ಗರಿಗಳ ಜಾಗದಲ್ಲಿ ನಡುಕಡ್ಡಿಗಳು ಮಾತ್ರ ಉಳಿದಿದ್ದವು. ಯಾರೋ ಪೊರಕೆ ಕಡ್ಡಿ ಚುಚ್ಚಿಟ್ಟು ಹೋದ ಹಾಗಿತ್ತು.

ನಮ್ಮತ್ತೆಗೆ ಅನುಮಾನವೇ ಇರಲಿಲ್ಲ. "ಇರುವೆ ಕಣಮ್ಮ, ನೋಡು ಹೇಗೆ ಮುತ್ತಿಕೊಂಡಿವೆ" ಎಂದು ಕುಂಡದ ಸುತ್ತ ಇರುವೆ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ನಮ್ಮನೆಯವರು ಅಳಿಲಿನ ಮೇಲೆ ಹಾಕಿದರು. ಗಿಡ ಕೊಟ್ಟಿದ್ದ ನರ್ಸರಿಯವರನ್ನು ಕೇಳಿದರೆ "ನೀರು ಜಾಸ್ತಿ ಆಗಿದೆ ಮೇಡಂ" ಎಂದರು. ಗಿಡಕ್ಕೆ ಏನೇ ಆದರೂ ಅವರು ಹೇಳುವುದು ಇದನ್ನೇ. ಎಲೆ ಹಳದಿಯಾದರೂ ನೀರು ಜಾಸ್ತಿ, ಕಪ್ಪಾದರೂ ನೀರು ಜಾಸ್ತಿ.

ಸೆಪ್ಟೆಂಬರ್‌ನಲ್ಲಿ ಮತ್ತೆ ಚಿಗುರಿತು. ಈ ಸಲ ಬಿಡಬಾರದು ಎಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹತ್ತು ಗಂಟೆ ಹೊತ್ತಿಗೆ, ಬಿಸಿಲು ಏರಿದ ಮೇಲೆ, ಒಂದು ಪುಟ್ಟ ಚಿಟ್ಟೆ ಬಂತು. ರೆಕ್ಕೆ ಮುಚ್ಚಿ ಕೂತರೆ ರೂಪಾಯಿ ನಾಣ್ಯದಷ್ಟೂ ಇಲ್ಲ. ಹೊರಮೈ ಬೂದು ಬಣ್ಣ, ಅದರ ಮೇಲೆ ಕಂದು ಚುಕ್ಕಿ. ಹಿಂದಿನ ರೆಕ್ಕೆಯ ತುದಿಯಲ್ಲಿ ದಾರದಂಥ ಬಾಲ, ಬಾಲದ ಬುಡದಲ್ಲಿ ಕಿತ್ತಳೆ ಕಟ್ಟಿನ ಕಪ್ಪು ಕಣ್ಣು. ಹಾರಿದಾಗ ಮಾತ್ರ ಒಳಗಿನ ನೀಲಿ ಕಾಣುತ್ತದೆ. ಹೊಟ್ಟೆಯ ತುದಿ ಬಗ್ಗಿಸಿ ಚಿಗುರಿಗೆ ತಾಗಿಸಿತು, ಇನ್ನೊಂದು ಕಡೆ ಹೋಗಿ ಅಲ್ಲೂ ತಾಗಿಸಿತು, ಹೀಗೆ ಏಳೆಂಟು ಸಲ. ಹತ್ತಿರ ಹೋಗಿ ನೋಡಿದರೆ ಗಸಗಸೆಗಿಂತ ಸಣ್ಣ ಮೊಟ್ಟೆಗಳು.

ಕಳ್ಳ ಸಿಕ್ಕ. ಇರುವೆಗಳದ್ದು ಬೇರೆಯೇ ಕಥೆ. ಮೂರು ದಿನಕ್ಕೆ ಹುಳಗಳು ಹೊರಬಂದವು, ಕೆಲವು ಹಸಿರು, ಕೆಲವು ಕೆಂಪು ಮಿಶ್ರ, ಚಿಗುರಿನ ಬಣ್ಣಕ್ಕೆ ಹೊಂದಿಕೊಂಡು ಕೂತಿರುವ ಚಪ್ಪಟೆ ಹುಳಗಳು. ಅವುಗಳ ಬೆನ್ನಿನ ಕೊನೆಯಲ್ಲಿ ಒಂದು ಗ್ರಂಥಿ ಇದೆ, ಅದರಿಂದ ಸಿಹಿ ಹನಿ ಬರುತ್ತದೆ. ಇರುವೆ ಅದನ್ನು ಕುಡಿಯಲು ಬರುತ್ತದೆ, ಬಂದದ್ದು ಹುಳದ ಕಾವಲಿಗೂ ನಿಲ್ಲುತ್ತದೆ. ಹುಳವನ್ನು ತಿನ್ನಲು ಬರುವ ಜೇಡ, ಹುಳದ ಮೈಯಲ್ಲಿ ಮೊಟ್ಟೆ ಇಡಲು ಬರುವ ಪುಟ್ಟ ಕಣಜ, ಎಲ್ಲವನ್ನೂ ಅಟ್ಟುತ್ತದೆ. ಅಂದರೆ ಅತ್ತೆ ಚಾಕ್‌ಪೀಸ್ ಹಾಕಿ ಓಡಿಸಲು ನೋಡಿದ್ದು ಕಳ್ಳನನ್ನಲ್ಲ, ಕಳ್ಳ ಸಂಬಳ ಕೊಟ್ಟು ಇಟ್ಟುಕೊಂಡ ವಾಚ್‌ಮನ್‌ನನ್ನು. ಇದನ್ನು ಹೇಳಿದಾಗ ಅತ್ತೆ ನಕ್ಕರು, ಆದರೆ ಗೆರೆ ಎಳೆಯುವುದನ್ನೇನೂ ಬಿಡಲಿಲ್ಲ.

ಆ ಚಿಟ್ಟೆಯ ಫೋಟೋ ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ದುಬೈನಲ್ಲಿರುವ ಗೆಳತಿ ಒಬ್ಬಳು, ದಾವಣಗೆರೆಯವಳು, ಹದಿನೈದು ವರ್ಷದಿಂದ ಅಲ್ಲೇ ಇದ್ದಾಳೆ, ಕೂಡಲೇ ಬರೆದಳು: "ಲೇ, ಇದು ನಮ್ಮನೆ ಅಂಗಳದಾಗೂ ಐತಿ. ನಾನು ಇದು ಇಲ್ಲಿದೇ ಚಿಟ್ಟೆ ಅಂದ್ಕಂಡಿದ್ದೆ." ಅವಳೂ ಫೋಟೋ ಕಳಿಸಿದಳು. ಅದೇ ಬಾಲ, ಅದೇ ಕಿತ್ತಳೆ ಕಣ್ಣು, ಹಿಂದೆ ಅದೇ ಸೈಕಾಸ್ ಕುಂಡ. ಮರಳುಗಾಡಿನ ಊರಿನಲ್ಲಿ ನಮ್ಮ ಗೇಟಿನ ಚಿಟ್ಟೆ. ಅಲ್ಲಿಂದ ನನಗೆ ಹುಚ್ಚು ಹತ್ತಿತು.

ಇದರ ಹೆಸರು ಕೇಳಿದರೆ ನಿಮಗೂ ಖುಷಿಯಾಗುತ್ತದೆ. ಇಂಗ್ಲಿಷಿನಲ್ಲಿ ಪ್ಲೇನ್ಸ್ ಕ್ಯುಪಿಡ್, ಕೆಲವರು ಸೈಕಾಡ್ ಬ್ಲೂ ಅನ್ನುತ್ತಾರೆ. ವೈಜ್ಞಾನಿಕ ಹೆಸರು ಲುಥ್ರೋಡೆಸ್ ಪಾಂಡವ, ಹಳೆಯ ಪುಸ್ತಕಗಳಲ್ಲಿ ಕೈಲೇಡ್ಸ್ ಪಾಂಡವ. ಹೌದು, ನಮ್ಮ ಪಾಂಡವರೇ. 1829ರಲ್ಲಿ ಥಾಮಸ್ ಹಾರ್ಸ್‌ಫೀಲ್ಡ್ ಎಂಬಾತ ಜಾವಾ ದ್ವೀಪದ ಚಿಟ್ಟೆ ನೋಡಿ ಈ ಹೆಸರಿಟ್ಟ. ಆತ ಅಮೆರಿಕದ ಡಾಕ್ಟರು, ಜಾವಾದಲ್ಲಿ ವರ್ಷಗಟ್ಟಲೆ ಇದ್ದು ಆಮೇಲೆ ಲಂಡನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮ್ಯೂಸಿಯಂ ನೋಡಿಕೊಂಡವನು. ಜಾವಾದಲ್ಲಿ ಇವತ್ತಿಗೂ ತೊಗಲುಬೊಂಬೆಯಾಟದಲ್ಲಿ ಭೀಮ, ಅರ್ಜುನ ಕುಣಿಯುತ್ತಾರೆ, ಅಲ್ಲಿಯೇ ಹೆಸರು ಕಿವಿಗೆ ಬಿದ್ದಿರಬೇಕು ಎಂದು ನನ್ನ ಊಹೆ. ಹೆಸರಂತೂ ಸರಿಯಾಗಿ ಕೂತಿದೆ. ಪಾಂಡವರು ಆಯುಧ ಬಚ್ಚಿಟ್ಟದ್ದು ಬನ್ನಿ ಮರದಲ್ಲಿ, ಈ ಪಾಂಡವರು ಬಚ್ಚಿಟ್ಟುಕೊಂಡದ್ದು ಸೈಕಾಸ್ ಕುಂಡದಲ್ಲಿ.

ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾ, ಇಷ್ಟು ಇದರ ತವರು. ಪಶ್ಚಿಮ ಘಟ್ಟದ ಕಾಡಿನಲ್ಲಿ ನಮ್ಮದೇ ಸೈಕಾಸ್ ಒಂದಿದೆ, ಸೈಕಾಸ್ ಸರ್ಸಿನಾಲಿಸ್. ಅದರ ಚಿಗುರು ತಿಂದುಕೊಂಡು ಬದುಕಿದ್ದ ಚಿಟ್ಟೆ ಇದು. ಕಾಡಿನಲ್ಲಿ ಒಂದು ಗಿಡ ಇಲ್ಲಿದ್ದರೆ ಇನ್ನೊಂದು ಎಲ್ಲೋ, ಚಿಗುರುವುದೂ ಅಪರೂಪಕ್ಕೆ, ಚಿಗುರಿದ್ದು ಕೆಲವೇ ವಾರದಲ್ಲಿ ಚರ್ಮದ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಹುಳದ ಬಾಯಿಗೆ ಅದು ದಕ್ಕುವುದಿಲ್ಲ. ಹಾಗಾಗಿ ಚಿಟ್ಟೆಯೂ ಲೆಕ್ಕದಲ್ಲೇ ಇರುತ್ತಿತ್ತು. ಆಮೇಲೆ ನಾವು ಜಪಾನಿನ ಸೈಕಾಸ್ ತಂದೆವು. ನಮ್ಮ ಗೇಟಿನ ಮುಂದೆ ಇರುವುದು ಅದು, ಸೈಕಾಸ್ ರೆವೊಲ್ಯೂಟ, ಜಪಾನಿನ ದಕ್ಷಿಣದ ದ್ವೀಪಗಳ ಗಿಡ. ಸಾಗೋ ಪಾಮ್ ಎಂದು ಮಾರುತ್ತಾರೆ, ಆದರೆ ಅದು ಪಾಮ್ ಅಲ್ಲವೇ ಅಲ್ಲ. ಹೂವು ಅನ್ನುವುದು ಭೂಮಿಯ ಮೇಲೆ ಬರುವ ಮೊದಲೇ ಇದ್ದ ವಂಶ. ಪ್ರತಿ ಬೀದಿಯಲ್ಲಿ ಹತ್ತು ಗಿಡ, ನೀರು ಗೊಬ್ಬರ ಕೊಟ್ಟು ಸಾಕಿದ್ದು, ಒಬ್ಬರ ಮನೆಯದು ಈ ತಿಂಗಳು ಚಿಗುರಿದರೆ ಇನ್ನೊಬ್ಬರದು ಮುಂದಿನ ತಿಂಗಳು. ಚಿಟ್ಟೆಗೆ ಇನ್ನೇನು ಬೇಕು? ಪಾಂಡವರ ಪಾಲಿಗೆ ಅಕ್ಷಯಪಾತ್ರೆಯೇ ಸಿಕ್ಕಿತು.

ಇಷ್ಟರ ತನಕ ಇದು ನಮ್ಮ ಬೀದಿಯ ಕಥೆ. ಆದರೆ ಸೈಕಾಸ್ ಜಗತ್ತಿನ ಎಲ್ಲಾ ಬಿಸಿ ಊರುಗಳಿಗೂ ಹೋಗುವ ಗಿಡ. ಹೋಟೆಲ್, ವಿಲ್ಲಾ, ರಸ್ತೆ ಮಧ್ಯದ ಪಟ್ಟಿ, ಎಲ್ಲೆಲ್ಲೂ ಬೇಕು. ಬೇರು ಸಮೇತ ಕಂಟೇನರ್‌ನಲ್ಲಿ ಹೋಗುತ್ತದೆ. ಮೊಟ್ಟೆ ಕಣ್ಣಿಗೆ ಬೀಳುವುದಿಲ್ಲ, ಕೋಶವಂತೂ ನೆತ್ತಿಯ ಕಂದು ನಾರಿನ ನಡುವೆ, ಗರಿಗಳ ಬುಡದ ಸಂದಿಯಲ್ಲಿ ಕೂತಿರುತ್ತದೆ. ಬೆಚ್ಚಗಿನ ಊರಿನಲ್ಲಿ ಮೊಟ್ಟೆಯಿಂದ ಚಿಟ್ಟೆಯಾಗಲು ಎರಡು ಮೂರು ವಾರ ಸಾಕು. ದಾರಿಯಲ್ಲೇ ಬೆಳೆದು ಇಳಿದ ಊರಿನಲ್ಲಿ ಹಾರಿದರಾಯಿತು. ಹೀಗೆ ಮಾರಿಷಸ್, ಮಡಗಾಸ್ಕರ್, ಅರಬ್ ಎಮಿರೇಟ್ಸ್, ಈಜಿಪ್ಟ್ ಎಲ್ಲಾ ಕಡೆ ಪಾಂಡವರು ಕಾಣಿಸಿಕೊಂಡರು. ತಮಾಷೆ ನೋಡಿ, ಜಪಾನಿಗೂ ಮುಟ್ಟಿದವು. 1990ರ ದಶಕದಲ್ಲಿ ಓಕಿನಾವ ಕಡೆ, 2007ರ ಆಸುಪಾಸಿನಿಂದ ಮೇಲಿನ ದೊಡ್ಡ ದ್ವೀಪಗಳಲ್ಲೂ. ಗಿಡ ಅಲ್ಲಿಂದ ಇಲ್ಲಿಗೆ ಬಂತು, ಅದನ್ನು ತಿನ್ನುವವರು ಈ ಕಡೆಯಿಂದ ಅಲ್ಲಿಗೆ ಹೋದರು.

ದುಬೈನಲ್ಲಿ ಇದರಿಂದ ಆಗುವ ನಷ್ಟ ಏನು? ಗೆಳತಿಯ ಕುಂಡ ಬೋಳಾಗುತ್ತದೆ, ಅಷ್ಟೇ. ಅಲ್ಲಿ ಕಾಡು ಸೈಕಾಸ್ ಇಲ್ಲ, ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ನಿಜವಾದ ಕಷ್ಟ ಆದದ್ದು ಗುವಾಮ್‌ನಲ್ಲಿ.

ಗುವಾಮ್ ಅಂದರೆ ಪೆಸಿಫಿಕ್ ಸಾಗರದ ನಡುವೆ ಅಮೆರಿಕದ ಕೈಯಲ್ಲಿರುವ ಒಂದು ದ್ವೀಪ. ಅಲ್ಲಿ ತನ್ನದೇ ಸೈಕಾಸ್ ಇದೆ, ಸೈಕಾಸ್ ಮೈಕ್ರೊನೇಸಿಕ. ಅಲ್ಲಿನ ಚಮೋರೊ ಜನ ಫಾದಂಗ್ ಅನ್ನುತ್ತಾರೆ. ಅದರ ಬೀಜ ವಿಷ, ಆದರೂ ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ ವಿಷ ತೆಗೆದು ಹಿಟ್ಟು ಮಾಡಿ ರೊಟ್ಟಿ ತಟ್ಟುತ್ತಿದ್ದರು. 2002ರಲ್ಲಿ ಅಮೆರಿಕದ ಅರಣ್ಯ ಇಲಾಖೆ ದ್ವೀಪದ ಮರಗಳ ಸರ್ವೆ ಮಾಡಿದಾಗ ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಇದ್ದ ಮರ ಇದೇ. ಅಪರೂಪದ ಮರವಲ್ಲ, ನಮ್ಮಲ್ಲಿ ಹೊಂಗೆ ಬೇವು ಇದ್ದ ಹಾಗೆ ಎಲ್ಲೆಂದರಲ್ಲಿ ಇದ್ದದ್ದು.

ಮರುವರ್ಷವೇ, ಅಂದರೆ 2003ರಲ್ಲಿ, ಟುಮೊನ್ ಎಂಬ ಹೋಟೆಲುಗಳ ಬೀದಿಯಲ್ಲಿ ಅಂದಕ್ಕೆ ನೆಟ್ಟ ಜಪಾನಿ ಸೈಕಾಸ್‌ಗಳ ಮೇಲೆ ಬಿಳಿ ಪುಡಿ ಉದುರಿಸಿದಂಥ ಶಲ್ಕ ಕೀಟ ಕಾಣಿಸಿತು. ರಸ ಹೀರುವ ಸ್ಕೇಲ್ ಅದು, ಮೂಲ ಥಾಯ್ಲೆಂಡ್ ಕಡೆಯದು. ಅಲ್ಲಿಂದ ಕಾಡಿಗೆ ಹಬ್ಬಿತು. 2005ರಲ್ಲಿ ಪಾಂಡವರೂ ಬಂದರು. ಸ್ಕೇಲ್ ಹಳೆಯ ಎಲೆಗಳನ್ನು ಹೀರಿ ಒಣಗಿಸುತ್ತದೆ. ಮರ ತನ್ನ ಕಾಂಡದಲ್ಲಿ ಕೂಡಿಟ್ಟಿದ್ದ ಹಿಟ್ಟನ್ನು ಖರ್ಚು ಮಾಡಿ ಹೊಸ ಚಿಗುರು ಹೊರಡಿಸುತ್ತದೆ. ಆ ಚಿಗುರನ್ನು ಚಿಟ್ಟೆಯ ಹುಳ ಮುಗಿಸುತ್ತದೆ. ಮರ ಮತ್ತೆ ಚಿಗುರುತ್ತದೆ, ಮತ್ತೆ ಮುಗಿಯುತ್ತದೆ. ಬ್ಯಾಂಕಿನಲ್ಲಿ ಇದ್ದದ್ದನ್ನೆಲ್ಲ ಆಸ್ಪತ್ರೆಗೆ ಸುರಿದು ಕೊನೆಗೂ ಗುಣವಾಗದ ಮನೆಗಳ ಹಾಗೆ. 2006ರಷ್ಟು ಬೇಗ ಅದು ಅಳಿವಿನಂಚಿನ ಮರಗಳ ಕೆಂಪು ಪಟ್ಟಿಗೆ ಸೇರಿತು. ನಾಲ್ಕು ವರ್ಷ ಮೊದಲು ದ್ವೀಪದಲ್ಲಿ ನಂಬರ್ ಒನ್ ಇದ್ದ ಮರ! ಗುರುತು ಹಾಕಿಟ್ಟು ನೋಡಿಕೊಂಡು ಬಂದ ಕೆಲವು ಜಾಗಗಳಲ್ಲಿ ಆರು ವರ್ಷದೊಳಗೆ ಶೇಕಡಾ 90ಕ್ಕಿಂತ ಹೆಚ್ಚು ಮರಗಳು ಸತ್ತವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗುವಾಮ್‌ನ ಮುಖ್ಯ ಕೊಲೆಗಾರ ಆ ಸ್ಕೇಲ್, ಚಿಟ್ಟೆಯಲ್ಲ. ಚಿಟ್ಟೆ ಬಿದ್ದವನ ಮೇಲೆ ಗುದ್ದಿದ್ದು. ಅಲ್ಲಿನದೇ ಒಂದು ಕಾಂಡ ಕೊರೆಯುವ ಹುಳವೂ ಸೇರಿಕೊಂಡಿತು. ಹುಳ ತಿನ್ನುವ ಹಕ್ಕಿಗಳಾದರೂ ಇದ್ದವಾ ಎಂದರೆ, ಎರಡನೇ ಮಹಾಯುದ್ಧದ ನಂತರ ಮಿಲಿಟರಿ ಸರಕಿನ ಜೊತೆ ಬಂದ ಕಂದು ಮರಹಾವು ಕಾಡಿನ ಹಕ್ಕಿಗಳನ್ನು ಬಹುಪಾಲು ನುಂಗಿ ಮುಗಿಸಿತ್ತು. ಆ ದ್ವೀಪದ ಹಣೆಬರಹವೇ ಅಷ್ಟು, ಬಂದವರೆಲ್ಲ ಸಾಮಾನಿನ ಸಂದಿಯಲ್ಲೇ ಬಂದರು. ಸ್ಕೇಲ್ ತಿನ್ನಲಿ ಎಂದು 2005ರಲ್ಲಿ ಒಂದು ಬಗೆಯ ಪುಟ್ಟ ಗುಲಗಂಜಿ ಹುಳವನ್ನು ತಂದು ಬಿಟ್ಟರು. ದೊಡ್ಡ ಮರಗಳಿಗೆ ಸ್ವಲ್ಪ ಉಸಿರು ಸಿಕ್ಕಿತು, ಆದರೆ ಬುಡದಲ್ಲಿ ಹುಟ್ಟಿದ ಸಸಿಗಳು ಸಾಯುತ್ತಲೇ ಇದ್ದವು, ನೆಲಕ್ಕೆ ಹತ್ತಿರ ಇರುವ ಎಲೆಗಳ ಕಡೆ ಆ ಹುಳ ಅಷ್ಟಾಗಿ ಇಳಿಯುವುದಿಲ್ಲವಂತೆ.

ಈ ಥರದ ಸುದ್ದಿಗಳಲ್ಲಿ 'ದಾಳಿಕೋರ ಚಿಟ್ಟೆ' ಎಂದು ಬರೆಯುತ್ತಾರಲ್ಲ, ನನಗೆ ಅದನ್ನು ಓದಿದರೆ ಮೈ ಉರಿಯುತ್ತದೆ. ಎರಡೂವರೆ ಸೆಂಟಿಮೀಟರ್ ರೆಕ್ಕೆ ಹೊತ್ತು ಪೆಸಿಫಿಕ್ ದಾಟಿ ದಾಳಿ ಮಾಡಿತಾ? ಟಿಕೆಟ್ ಮಾಡಿಸಿ, ಕಂಟೇನರ್ ಬಾಗಿಲು ತೆಗೆದು, ಹೋಟೆಲಿನ ಮುಂದೆ ಇಳಿಸಿದ್ದು ಯಾರು?

ಯುರೋಪಿನ ಕಥೆ ಇನ್ನೂ ಚೆನ್ನಾಗಿದೆ, ಅಂದರೆ ಕಥೆಯಾಗಿ ಚೆನ್ನಾಗಿದೆ. ಸ್ಪೇನ್, ಇಟಲಿ ಕಡೆಯ ಫೋಟೋಗಳಲ್ಲಿ ಬಾಲ್ಕನಿಯಿಂದ ಇಳಿಬಿದ್ದ ಕೆಂಪು ಹೂಗಳನ್ನು ನೋಡಿರುತ್ತೀರಿ. ಜೆರೇನಿಯಂ ಅನ್ನುತ್ತಾರೆ, ನಿಜವಾದ ಹೆಸರು ಪೆಲರ್ಗೋನಿಯಂ. ಊಟಿ, ಮಡಿಕೇರಿಯ ಮನೆಗಳ ಮುಂದೆಯೂ ಇರುತ್ತದೆ. ಅದರ ತವರು ದಕ್ಷಿಣ ಆಫ್ರಿಕಾ. 17ನೇ ಶತಮಾನದಲ್ಲೇ ಯುರೋಪಿಗೆ ಹೋದ ಗಿಡ. ಗಿಡ ಹೋಯಿತು, ಅದನ್ನು ತಿನ್ನುವ ಹುಳ ಊರಲ್ಲೇ ಉಳಿಯಿತು. ಮುನ್ನೂರು ವರ್ಷ ಯುರೋಪಿನವರು ಆ ಹೂವನ್ನು ನಿಶ್ಚಿಂತೆಯಿಂದ ಬೆಳೆಸಿದರು. 1990ರ ಹೊತ್ತಿಗೆ ಸ್ಪೇನ್‌ನ ಮಯೋರ್ಕ ದ್ವೀಪದಲ್ಲಿ ಒಂದು ಕಂದು ಚಿಟ್ಟೆ ಕಾಣಿಸಿತು. ಜೆರೇನಿಯಂ ಬ್ರಾನ್ಜ್. ಆಮದಾದ ಪೆಲರ್ಗೋನಿಯಂ ಗಿಡಗಳ ಒಳಗೇ ಬಂದದ್ದು. ಒಳಗೇ ಅಂದರೆ ಅಕ್ಷರಶಃ ಒಳಗೇ, ಏಕೆಂದರೆ ಇದರ ಹುಳ ಮೊಗ್ಗು ಕೊರೆದು ಕಾಂಡಕ್ಕೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಗಿಡ ಚೆನ್ನಾಗೇ ಇರುತ್ತದೆ, ತಪಾಸಣೆ ಮಾಡುವವನು ಎಲೆ ತಿರುಗಿಸಿ ನೋಡಿ ಸೀಲ್ ಹೊಡೆಯುತ್ತಾನೆ. ಕೆಲವೇ ವರ್ಷದಲ್ಲಿ ಸ್ಪೇನ್, ಇಟಲಿ, ಫ್ರಾನ್ಸ್ ತುಂಬ ಹರಡಿತು. 1997ರಲ್ಲಿ ಇಂಗ್ಲೆಂಡಿನ ಲೂಯಿಸ್ ಊರಿನಲ್ಲೂ ಕಂಡಿತು, ಅಲ್ಲಿನ ಚಳಿಗೆ ತಡೆಯಲಿಲ್ಲ. ಬಾಲ್ಕನಿ ಹೂವು ಹಾಳಾದರೆ ಇನ್ನೊಂದು ಕುಂಡ ಕೊಂಡು ತರಬಹುದು. ಆದರೆ ಯುರೋಪಿನ ಬೆಟ್ಟಗಳಲ್ಲಿ ಕಾಡು ಜೆರೇನಿಯಂಗಳಿವೆ, ಅವನ್ನೇ ನಂಬಿದ ಅಲ್ಲಿಯ ಪುಟ್ಟ ಚಿಟ್ಟೆಗಳೂ ಇವೆ. ಆಫ್ರಿಕದ ಈ ಚಿಟ್ಟೆ ಆ ಕಾಡು ಗಿಡಗಳ ಮೇಲೂ ಮೊಟ್ಟೆ ಇಟ್ಟು ಹುಳ ಬೆಳೆಸಬಲ್ಲದು ಎಂದು ಇಟಲಿಯಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಅವರ ಚಿಂತೆ ಅದು.

ಪತಂಗಗಳನ್ನೂ ಸೇರಿಸಿದರೆ ಪಟ್ಟಿ ಮುಗಿಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. 2014ರ ಚಳಿಗಾಲದ ಒಲಿಂಪಿಕ್ಸ್‌ಗೆ ರಷ್ಯಾದ ಸೋಚಿ ಊರನ್ನು ಅಲಂಕಾರ ಮಾಡಲು 2012ರಲ್ಲಿ ಇಟಲಿಯಿಂದ ಬಾಕ್ಸ್‌ವುಡ್ ಎಂಬ ಅಲಂಕಾರದ ಪೊದೆಗಿಡ ತರಿಸಿದರು. ಅದರಲ್ಲಿ ಪೂರ್ವ ಏಷ್ಯಾದ ಒಂದು ಪತಂಗದ ಹುಳ ಇತ್ತು. ಹತ್ತಿರದ ಬೆಟ್ಟಗಳಲ್ಲಿದ್ದ ಶತಮಾನಗಳಷ್ಟು ಹಳೆಯ ಬಾಕ್ಸ್‌ವುಡ್ ಕಾಡನ್ನು ಕೆಲವೇ ವರ್ಷದಲ್ಲಿ ಅದು ಬೋಳು ಮಾಡಿತು. ಹದಿನೇಳು ದಿನದ ಆಟಕ್ಕೆ ಇಷ್ಟು.

ನಮ್ಮ ಬೆಂಗಳೂರು ಮಾತ್ರ ಏನು, ಇಡೀ ಊರೇ ತರಿಸಿದ ಗಿಡಗಳದ್ದು. ಲಾಲ್‌ಬಾಗ್ ಶುರುವಾದದ್ದೇ ಹೈದರಾಲಿ, ಟಿಪ್ಪು ದೂರದೂರುಗಳಿಂದ ಸಸಿ ತರಿಸಿ. 1908ರಿಂದ 1932ರ ತನಕ ಅಲ್ಲಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಬೀದಿಬೀದಿಗೆ ಹೂವಿನ ಮರ ಹಂಚಿದ. ಜಕರಂಡ ಬಂದದ್ದು ದಕ್ಷಿಣ ಅಮೆರಿಕದಿಂದ. ಅದನ್ನೆಲ್ಲ ಬೇಡ ಅನ್ನುವ ಮನಸ್ಸು ನನಗಿಲ್ಲ, ಮಾರ್ಚ್‌ನಲ್ಲಿ ಟಬೂಬಿಯ ಹೂ ಬಿಟ್ಟಾಗ ನಾನೂ ಕೆಳಗೆ ನಿಂತು ಸೆಲ್ಫಿ ತೆಗೆಯುವವಳೇ. ಆದರೆ ಗಿಡದ ಜೊತೆ ಬಂದ ನೆಂಟರ ಲೆಕ್ಕವೂ ಇದೆ. ಪಪ್ಪಾಯಿ ಹಿಟ್ಟುತಿಗಣೆ ಎಂಬ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತ್ತು. ಕೊನೆಗೆ ಹೆಬ್ಬಾಳದ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋದವರು 2010ರಲ್ಲಿ ಪೋರ್ಟೊ ರಿಕೊದಿಂದ ಅದರ ಶತ್ರು ಕಣಜವನ್ನು ತರಿಸಿ ಬಿಟ್ಟ ಮೇಲೆ ರೈತರು ಉಸಿರಾಡಿದರು. ತೆಂಗಿನ ಗರಿ ಕಪ್ಪಾಗಿಸುವ ಆ ಸುರುಳಿ ಬಿಳಿನೊಣ, ಅದೂ ಹೊರಗಿನದೇ, 2016ರಲ್ಲಿ ಪೊಳ್ಳಾಚಿಯಲ್ಲಿ ಮೊದಲು ಸಿಕ್ಕಿದ್ದು. ತುಮಕೂರು, ಹಾಸನದ ತೆಂಗಿನವರನ್ನು ಕೇಳಿ, ಅವರು ಹೇಳುತ್ತಾರೆ.

ಹೊರದೇಶದಿಂದ ಗಿಡ ತರಲು 2003ರ ಆದೇಶವೊಂದಿದೆ. ಪರ್ಮಿಟ್ ಬೇಕು, ಆ ದೇಶದವರ ಆರೋಗ್ಯ ಸರ್ಟಿಫಿಕೇಟ್ ಬೇಕು. ಕಾಗದದ ಮೇಲೆ ಎಲ್ಲಾ ಸರಿ. ಆದರೆ ನಮ್ಮ ಚಿಕ್ಕಮ್ಮ ಸಿಂಗಪುರಕ್ಕೆ ಹೋಗಿ ಬಂದಾಗ ಸೂಟ್‌ಕೇಸಿನಲ್ಲಿ, ಒದ್ದೆ ಕರ್ಚೀಫು ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ, ಸೀರೆಗಳ ನಡುವೆ ಇಟ್ಟು ತಂದ ಮೂರು ಕಡ್ಡಿಗಳಿಗೆ ಯಾವ ಸರ್ಟಿಫಿಕೇಟ್? ತಂದದ್ದು ಆರ್ಕಿಡ್ ಎಂದು ಇಡೀ ಕುಟುಂಬಕ್ಕೆ ಹೆಮ್ಮೆಯಿಂದ ತೋರಿಸಿದ್ದೇ ತೋರಿಸಿದ್ದು. ನಾನೂ ಒಂದು ತುಂಡು ಇಸ್ಕೊಂಡೆ. ಆಗ ನನಗೆ ಇದೆಲ್ಲ ಏನೂ ಹೊಳೆದಿರಲಿಲ್ಲ. ಗಿಡದ ವಿಷಯದಲ್ಲಿ ನಾವೆಲ್ಲ ಸ್ವಲ್ಪ ಕಳ್ಳರೇ, ಪಕ್ಕದ ಮನೆಯ ದಾಸವಾಳದ ಕಡ್ಡಿ ಮುರಿಯುವಾಗಲೇ ಅಭ್ಯಾಸ ಆಗಿರುತ್ತದಲ್ವಾ?

ಡಿಸೆಂಬರ್‌ನಲ್ಲಿ ದುಬೈ ಗೆಳತಿ ಊರಿಗೆ ಬಂದಿದ್ದಳು, ನಮ್ಮನೆಗೂ ಬಂದಳು. ಗೇಟಿನ ಹತ್ತಿರ ನಿಂತು ಸೈಕಾಸ್ ಬುಡದಲ್ಲಿ ಮೂಡಿದ್ದ ಮರಿ ನೋಡಿ, "ಇದನ್ನ ಕಿತ್ತು ಕೊಡಲೇ, ಬ್ಯಾಗಿನಾಗ ಇಟ್ಕಂಡು ಹೋಗ್ತೀನಿ, ನಮ್ಮನೀದು ಸತ್ತೇ ಹೋಗ್ತೈತಿ" ಎಂದಳು. ಇಷ್ಟು ತಿಂಗಳು ಇದೇ ಕಥೆ ಫೋನಿನಲ್ಲಿ ಕೊರೆದಿದ್ದೆ, ಕೇಳಿಸಿಕೊಂಡಿದ್ದು ಇಷ್ಟು! ಮರಿಯ ಬದಲು ಮೈಸೂರು ಪಾಕು ಕಟ್ಟಿಕೊಟ್ಟೆ. ಮುಖ ದಪ್ಪ ಮಾಡಿಕೊಂಡೇ ತಗೊಂಡಳು.

ಈ ಏಪ್ರಿಲ್‌ನಲ್ಲಿ ಗಿಡ ಮತ್ತೆ ಚಿಗುರಿದೆ. ಔಷಧಿ ಹೊಡೆಯಲು ಮನಸ್ಸು ಬರಲಿಲ್ಲ. ಹಳೆಯ ಸೊಳ್ಳೆಪರದೆಯನ್ನು ಹರಿದು ದೊಡ್ಡ ಗಿಡಕ್ಕೆ ಹೊದಿಸಿ ಬುಡಕ್ಕೆ ದಾರ ಕಟ್ಟಿದ್ದೇನೆ, ಗರಿ ಗಟ್ಟಿಯಾಗುವ ತನಕ ಮೂರು ನಾಲ್ಕು ವಾರ ಇದ್ದರೆ ಸಾಕು. ಮರಿಯನ್ನು ಬೇರೆ ಕುಂಡಕ್ಕೆ ಹಾಕಿ ಪರದೆ ಇಲ್ಲದೆ ಪಕ್ಕದಲ್ಲೇ ಇಟ್ಟಿದ್ದೇನೆ. ಅದರಲ್ಲಿ ಬಂದದ್ದೇ ನಾಲ್ಕು ಗರಿ, ನಿನ್ನೆ ಹೊತ್ತಿಗೆ ಎರಡು ಖಾಲಿ. ಬೆಳಿಗ್ಗೆ ಒಂದು ಪಾಂಡವ ಸೊಳ್ಳೆಪರದೆಯ ಮೇಲೆ ಕೂತು ಹೊಟ್ಟೆ ಬಗ್ಗಿಸಿ ಬಗ್ಗಿಸಿ ಬಟ್ಟೆಗೆ ತಾಗಿಸುತ್ತಿತ್ತು. ಅತ್ತೆ ಬಂದು ನೋಡಿದರು. "ಅಯ್ಯೋ ಪಾಪ, ಇದಕ್ಕೂ ಮದುವೆ ಛತ್ರದ ಬಾಗಿಲು ಹಾಕಿಬಿಟ್ಟೆಯಾ?" ಎಂದು ಹೇಳಿ, ಚಾಕ್‌ಪೀಸ್ ತಗೊಂಡು ಮರಿಯ ಕುಂಡದ ಸುತ್ತ ಗೆರೆ ಎಳೆಯಲು ಕೂತರು.